ಎಡಕ್ಕೆ ವಾಲುವ ಪಟ

"ಯಾರ್ರೀ ಈ ಪಟ ಹೊಲಿದಿದ್ದು?" ಎಂದು ಕೂಗಿಕೊಂಡೇ ನಾನು ಹೊಲಿಗೆಮನೆಗೆ ನುಗ್ಗಿದೆ.

"ಮೊದಲು ಬೂಟು ಬಿಚ್ಚಿ. ಜಗಳ ಆಮೇಲೆ ಆಡೋಣ," ಎಂದಿತು ಒಂದು ಹೆಣ್ಣುದನಿ.

ಬಂದರಿನ ಆ ಹಳೆಯ ಉಗ್ರಾಣದ ನೆಲದ ತುಂಬ ನಮ್ಮ ಹಡಗಿನ ಗಾಳಿಪಟ ಹರಡಿತ್ತು. ಆಟದ ಮೈದಾನದಷ್ಟು ದೊಡ್ಡದು. ಸರಕು ಹಡಗಿನ ಮೂತಿಗೆ ಕಟ್ಟಿ ಮೇಲಕ್ಕೆ ಬಿಟ್ಟರೆ ಗಾಳಿಯನ್ನು ತುಂಬಿಕೊಂಡು ಹಡಗನ್ನೇ ಎಳೆಯುತ್ತದೆ. ಎಂಜಿನ್ನಿಗೆ ಅಷ್ಟು ವಿಶ್ರಾಂತಿ, ಎಣ್ಣೆಯೂ ಉಳಿತಾಯ. ಅದನ್ನು ಹಾರಿಸುವುದು, ಇಳಿಸುವುದು ನನ್ನ ಕೆಲಸ. ನೀಲಿ ಬಟ್ಟೆಯ ನಡುವೆ ಬರಿಗಾಲಲ್ಲಿ ಕೂತಿದ್ದ ಅವಳು ಹಲ್ಲಿನಿಂದ ದಾರ ಕಡಿದು ತಲೆಯೆತ್ತಿದಳು.

"ಏನಾಗಿದೆ ನನ್ನ ಪಟಕ್ಕೆ?"

"ಎಡಕ್ಕೆ ವಾಲುತ್ತೆ. ಸರಿಮಾಡಿ ಸರಿಮಾಡಿ ಕೈ ಬಿದ್ದುಹೋಗ್ತಿದೆ."

"ಎಡಕ್ಕಾ? ಯಾವ ಹೊತ್ತಲ್ಲಿ?"

"ಹೊತ್ತು ಮುಳುಗೋವಾಗ. ಆ ಕಡೆಯಿಂದ ಯಾರೋ ಕರೆದ ಹಾಗೆ."

ಅವಳ ಕಣ್ಣಲ್ಲಿ ಅದೆಂಥ ಬೆಳಕು ಬಂತು! ನನ್ನನ್ನು ಹಾಗೆ ಯಾರೂ ನೋಡಿರಲಿಲ್ಲ. ಬೂಟು ಕೈಯಲ್ಲಿ ಹಿಡಿದುಕೊಂಡು ಪೆದ್ದನಂತೆ ನಿಂತೆ. ಜಗಳ ಮರೆತೇಹೋಯಿತು.

ಹಡಗಿನ ಅಡುಗೆಯವನನ್ನು ನಾವೆಲ್ಲ ಮಾವ ಎನ್ನುತ್ತೇವೆ. ನನ್ನ ಮುಖ ನೋಡಿಯೇ ಅವನಿಗೆ ಗೊತ್ತಾಯಿತು.

"ಆಸೆ ಇಟ್ಕೋಬೇಡ ಮಾರಾಯ, ಅವಳು ನೋಡಿದ್ದು ನಿನ್ನನ್ನಲ್ಲ. ನಿನಗಿಂತ ಮುಂಚೆ ಈ ಪಟ ಹಾರಿಸ್ತಿದ್ದೋನು, ನಾವೆಲ್ಲ ಅಣ್ಣ ಅಂತ ಕರೀತಿದ್ದೋನು, ಅವನ ಹೆಂಡತಿ ಅವಳು. ಒಂದು ಸಂಜೆ ಪಟ ನೀರಿಗೆ ಬಿತ್ತು. ಬಿಡಿಸೋಕೆ ಹೋದೋನನ್ನ ಹಗ್ಗ ಎಳ್ಕೊಂಡು ಹೋಯ್ತು. ಹೆಣವೂ ಸಿಗಲಿಲ್ಲ. ಈಗ ಎಡಕ್ಕೆ ಎಳೀತಿರೋದು ಯಾರು ಅಂತ ತಿಳ್ಕೊಂಡಿದ್ದೀಯ?"

ನಾನು ನಕ್ಕುಬಿಟ್ಟೆ. ಆದರೆ ಮತ್ತೆ ಸಮುದ್ರಕ್ಕೆ ಹೋದಾಗ, ಸಂಜೆ ಪಟ ವಾಲಿದಾಗ, ನಗು ಬರಲಿಲ್ಲ. ಬಿಗಿದ ಹಗ್ಗ ಗುಂಯ್‌ಗುಡುತ್ತಿತ್ತು. ಆ ಸದ್ದಿನೊಳಗೆ ಗಂಡಸೊಬ್ಬ ಗಂಟಲು ಸರಿಮಾಡಿಕೊಂಡಂತೆ ಕೇಳಿಸಿತು.

ಬಂದರಿಗೆ ಮರಳಿದಾಗಲೆಲ್ಲ ಅವಳದು ಒಂದೇ ಪ್ರಶ್ನೆ. "ಎಳೀತಾ?"

"ಹೇಗಿದ್ದೀರಿ ಅಂತ ಒಂದು ಮಾತು ಕೇಳಬಾರದಾ?"

"ಎದುರಿಗೇ ಕೂತಿದ್ದೀರಲ್ಲ, ಗುಂಡುಕಲ್ಲಿನ ಹಾಗಿದ್ದೀರಿ. ಹೇಳಿ, ಎಳೀತಾ?"

ಒಂದು ಪ್ರಯಾಣದಲ್ಲಿ ಗಾಳಿಯೇ ಇರಲಿಲ್ಲ, ಪಟ ಬಿಚ್ಚಲೂ ಇಲ್ಲ. ಆದರೂ "ಎಳೀತು" ಎಂದೆ. ಅವಳು ಮುಖ ತಿರುಗಿಸಿ ತೋಳಿನಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ಹೊಲಿಯುತ್ತ ಮೆಲ್ಲಗೆ ಗುನುಗತೊಡಗಿದಳು. ನನಗೆ ಹೊಟ್ಟೆ ಉರಿಯಿತು. ಬದುಕಿದ್ದವನಾದರೆ ಎದುರು ನಿಂತು ಬೈಯಬಹುದು. ಸತ್ತವನನ್ನು ಏನು ಮಾಡುವುದು?

"ಅಣ್ಣಾ, ಅವಳನ್ನ ಬಿಟ್ಟುಬಿಡು," ಎಂದು ಡೆಕ್ಕಿನಲ್ಲಿ ಒಬ್ಬನೇ ನಿಂತು ಬೇಡಿಕೊಂಡಿದ್ದೂ ಉಂಟು. ಹಗ್ಗ ನರಳಿತೇ ಹೊರತು ಬಿಡಲಿಲ್ಲ.

ಮುಂದೊಂದು ಸಂಜೆ ಕಡಲ ಮೇಲೆ ದಟ್ಟ ಮಂಜು. ಪಟ ಎಡಕ್ಕೆ ವಾಲಿತು, ಇನ್ನೂ ವಾಲಿತು, ನೇರ ನೀರಿಗೆ ಬಿತ್ತು. ನಾನು ಓಡಿದೆ. ಹಗ್ಗ ಭುಜವನ್ನು ಸೀಳಿಕೊಂಡು ಹೋಗಿ ನನ್ನನ್ನು ಕಂಬಿಯಾಚೆ ಎಸೆಯುವುದರಲ್ಲಿತ್ತು. ಮಾವ ಸೊಂಟ ತಬ್ಬಿ ಹಿಡಿದದ್ದಕ್ಕೆ ಉಳಿದೆ.

ಗಾಯದ ಕೈಯನ್ನು ಬಟ್ಟೆಯಲ್ಲಿ ಕುತ್ತಿಗೆಗೆ ತೂಗುಹಾಕಿಕೊಂಡು ಹೊಲಿಗೆಮನೆಗೆ ಹೋದಾಗ ಅವಳು 'ಎಳೀತಾ' ಎನ್ನಲಿಲ್ಲ. ಪಟದ ಎಡರೆಕ್ಕೆಯ ಮುಂದೆ ಕುಸಿದು ಕೂತು ಕತ್ತರಿಯಿಂದ ಹೊಲಿಗೆ ಬಿಚ್ಚಿದಳು. ಎರಡು ಪದರಗಳ ನಡುವೆ ಮಡಿಸಿಟ್ಟ ಒಂದು ಹತ್ತಿಯ ಅಂಗಿ ಇತ್ತು. ಇನ್ನೂ ಒದ್ದೆ.

ಪಟದೊಳಗೆ ಹತ್ತಿ ಸೇರಿಸಬಾರದು ಎಂಬುದು ಈ ಕೆಲಸದ ಮೊದಲ ಪಾಠ. ಸಂಜೆಯ ತೇವವನ್ನು ಕುಡಿದು ಹತ್ತಿ ಭಾರವಾಗುತ್ತದೆ, ಆ ಬದಿ ಜಗ್ಗುತ್ತದೆ.

"ಮಣ್ಣು ಮಾಡೋಕೆ ಮೈಯೇ ಸಿಗಲಿಲ್ಲ," ಎಂದಳು. "ಪೆಟ್ಟಿಗೇಲಿಟ್ರೆ ಅಂಗಿಗೂ ಉಸಿರು ಕಟ್ಟುತ್ತೆ ಅನ್ನಿಸ್ತು. ಅವನಿಗೆ ಗಾಳಿ ಅಂದ್ರೆ ಅಷ್ಟು ಇಷ್ಟ."

"ಎಳೀತಿದ್ದದ್ದು ಈ ಅಂಗಿ ಅಂತ ಗೊತ್ತಿತ್ತಾ?"

"ಕೈಗೆ ಗೊತ್ತಿತ್ತು. ಮನಸ್ಸಿಗೆ ಹೇಳೋಕೆ ಬಿಡಲಿಲ್ಲ."

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೆಯೇ ಮಾತು. "ವಾಪಸ್ ಇಟ್ಟು ಹೊಲೀರಿ. ಹುಷಾರಾಗಿ ಹಾರಿಸ್ತೀನಿ."

"ತಲೆ ಕೆಟ್ಟಿದೆಯಾ ನಿಮಗೆ?"

"ಕೆಟ್ಟು ಬಹಳ ಕಾಲ ಆಯ್ತು. 'ಎಳೀತು' ಅಂದಾಗ ನಿಮ್ಮ ಮುಖ ಅರಳುತ್ತಲ್ಲ, ಅದನ್ನ ನೋಡೋಕೆ ಒಂದು ಸಲ ಸುಳ್ಳೂ ಹೇಳಿದ್ದೀನಿ. ನೀವಂದ್ರೆ ನನಗೆ ಪ್ರಾಣ."

ಅವಳು ನನ್ನತ್ತ ಬಾಗಿದಳು. ನನ್ನ ಭುಜದ ಬ್ಯಾಂಡೇಜನ್ನು ಬೆರಳ ತುದಿಯಿಂದ ಮುಟ್ಟಿ, ಸುಟ್ಟುಕೊಂಡವಳಂತೆ ಕೈ ಹಿಂದಕ್ಕೆಳೆದುಕೊಂಡಳು.

"ಅವನನ್ನ ಹಿಡ್ಕೊಳ್ಳೋಕೆ ಹೋಗಿ ನಿಮ್ಮನ್ನ ಕಳ್ಕೊಳ್ತಿದ್ದೆ. ಇನ್ನೊಬ್ಬರ ಅಂಗಿ ಮಡಿಸಿಡೋ ಶಕ್ತಿ ನನಗಿಲ್ಲ," ಎಂದಳು. ಅಂಗಿಯನ್ನು ಮಡಿಲಲ್ಲಿಟ್ಟುಕೊಂಡೇ ಬರಿದಾದ ಜಾಗವನ್ನು ಹೊಲಿದು ಮುಚ್ಚಿದಳು.

ಮುಂದಿನ ಪ್ರಯಾಣದಲ್ಲಿ ಪಟ ನೆಟ್ಟಗೆ ಹಾರಿತು. ಹಗ್ಗ ಮೂಕವಾಗಿತ್ತು. "ಹೋದ ಕಣೋ," ಎಂದ ಮಾವ, ವಾಲದೆ ನಿಂತ ಪಟವನ್ನು ನೋಡುತ್ತ. ಗೆದ್ದೆ ಎಂದು ನಾನು ಕುಣಿಯಬೇಕಿತ್ತು. ಆದರೆ ಅಣ್ಣ ಬಿದ್ದ ಜಾಗ ಹತ್ತಿರ ಬಂದಂತೆ ಎದೆ ಭಾರವಾಯಿತು. ಇಷ್ಟು ದಿನ ಜೊತೆಗಿದ್ದವನನ್ನು ಮಾತಾಡಿಸದೆ ದಾಟುವುದು ಹೇಗೆ? ಪಟ ತಿರುಗಿಸುವ ಎಡಗಡೆಯ ಹಿಡಿಕೆಯನ್ನು ನಾನೇ ಎಳೆದೆ. ಪಟ ಆ ನೀರಿನತ್ತ ಒಮ್ಮೆ ಬಾಗಿ ಮೇಲೆದ್ದಿತು. ಮಾವ ಟೋಪಿ ತೆಗೆದು ನಿಂತ.

ಮರಳಿದಾಗ ಅವಳು ಹಡಗುಕಟ್ಟೆಯ ಮೇಲೇ ನಿಂತಿದ್ದಳು. ಹಿಂದೆಂದೂ ಅಲ್ಲಿಗೆ ಬಂದವಳಲ್ಲ.

"ಈ ಸಲವೂ ವಾಲಿತು," ಎಂದೆ. "ಆದರೆ ಎಳೆದದ್ದು ನಾನೇ. ಅವನಿಗೊಂದು ನಮಸ್ಕಾರ ಹೇಳೋಣ ಅಂತ."

"ಅವನೇ ಎಳೆದ ಅನ್ನಬಹುದಿತ್ತಲ್ಲ. ನಾನು ನಂಬ್ತಿದ್ದೆ."

"ನಂಬಿ ಮತ್ತೆ ಅವನನ್ನೇ ಕಾಯ್ತಿದ್ರಿ."

ಅವಳು ನಗಲು ಹೋದಳು, ಅಳು ಬಂತು. ಹಡಗಿನವರೆಲ್ಲ ನೋಡುತ್ತಿದ್ದಂತೆಯೇ ನನ್ನ ಗಾಯವಿಲ್ಲದ ಭುಜಕ್ಕೆ ತಲೆಯಾನಿಸಿದಳು.

"ಇವತ್ತು ಬೆಳಗಿನಿಂದ ಇಲ್ಲಿ ನಿಂತು ಕಾದಿದ್ದು ನಿಮ್ಮನ್ನ," ಎಂದಳು.