ನೀಲಿ ದೀಪ ಮತ್ತು ಹಲ್ಲಿನ ಡಾಕ್ಟರ್

"ಇವತ್ತು ವಾಪಸ್ ಬಂದ ಮೇಲೆ ನಿನ್ನನ್ನ ಒಂದು ಮಾತು ಕೇಳ್ಬೇಕು."

ಬೆಳಿಗ್ಗೆ ಕೊಕ್ಕರೆ ನನ್ನ ಕಾಕ್‌ಪಿಟ್ಟಿನೊಳಗೆ ತಲೆ ತೂರಿಸಿ ಹೇಳಿದ್ದು ಇಷ್ಟೇ. ಹೇಳಿದವನು ನನ್ನ ಮುಖ ನೋಡಲಿಲ್ಲ. ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಲು ಹೋಗಿ ಎರಡು ಸಲ ಕೆಳಗೆ ಬೀಳಿಸಿದ, ಎತ್ತಿಕೊಂಡ, ಹೊರಟೇಹೋದ. ಕಿವಿ ಮಾತ್ರ ಹಿಂದಿನಿಂದಲೂ ಕೆಂಪಗೆ ಕಾಣುತ್ತಿತ್ತು.

ಮೂರು ವರ್ಷದಿಂದ ಆ ಒಂದು ಮಾತಿಗೆ ಕಾಯುತ್ತಿದ್ದವಳು ನಾನು. ನನ್ನ ಕೈಯಲ್ಲಿದ್ದ ಬಟ್ಟೆ ಒರೆಸಿದ ಗಾಜನ್ನೇ ಮತ್ತೆ ಮತ್ತೆ ಒರೆಸಿತು.

ಅವನಿಗೆ ಕೊಕ್ಕರೆ ಅಂತ ಹೆಸರಿಟ್ಟದ್ದು ನನ್ನ ಚಿಕ್ಕಪ್ಪ. ಉದ್ದ ಕಾಲು, ಉದ್ದ ಕತ್ತು, ಯೋಚನೆ ಹತ್ತಿದರೆ ಒಂದೇ ಕಾಲಿನ ಮೇಲೆ ನಿಲ್ಲುವ ಚಟ. ನಮ್ಮ ಗ್ಲೈಡರ್ ಕ್ಲಬ್ಬಿನಲ್ಲಿ ಮುರಿದ ರೆಕ್ಕೆಗಳನ್ನು ರಿಪೇರಿ ಮಾಡುವುದು ಅವನ ಕೆಲಸ. ನಾನು ವಾರವಿಡೀ ಸಿಟಿ ಬಸ್ ಓಡಿಸುತ್ತೇನೆ, ರಜೆಯ ದಿನ ಎಂಜಿನ್ನೇ ಇಲ್ಲದ ಈ ವಿಮಾನ ಹಾರಿಸುತ್ತೇನೆ. ಬಸ್ಸಿಗೆ ಹಾರ್ನ್ ಇದೆ, ಗ್ಲೈಡರಿಗಿಲ್ಲ. ಮೇಲೆ ಹೋದಾಗ ನನಗೆ ಕಾಡುವ ಕೊರತೆ ಅದೊಂದೇ.

ಗ್ಲೈಡರಿಗೆ ಹೊಟ್ಟೆಯ ಕೆಳಗೆ ಒಂದೇ ಚಕ್ರ. ನಿಂತಾಗ ಒಂದು ಕಡೆಗೆ ವಾಲಿಕೊಂಡು ಬಿದ್ದಿರುತ್ತದೆ. ಏರುವಾಗ ಯಾರಾದರೂ ರೆಕ್ಕೆಯ ತುದಿ ಹಿಡಿದು ಸಮ ಮಾಡಿ, ಜೊತೆಯಲ್ಲೇ ನಾಲ್ಕು ಹೆಜ್ಜೆ ಓಡಿ ಬಿಟ್ಟುಕೊಡಬೇಕು. ಮೂರು ವರ್ಷದಿಂದ ನನ್ನ ರೆಕ್ಕೆ ಹಿಡಿದವನು ಕೊಕ್ಕರೆಯೇ. ಬೇರೆ ಯಾರಾದರೂ ಕೈ ಹಾಕಿದರೆ "ಬಿಡಿ, ನಾನಿದ್ದೀನಿ" ಅಂತ ಅಷ್ಟು ದೂರದಿಂದ ಓಡಿ ಬರುತ್ತಿದ್ದ. ಅದನ್ನು ಕೇಳುವುದಕ್ಕೋಸ್ಕರ ನಾನು ಎಷ್ಟೋ ಸಲ ಬೇಕಂತಲೇ ಬೇರೆಯವರನ್ನು ಕರೆದದ್ದುಂಟು.

ಹೋದ ವರ್ಷ ನಾನು ಮುನ್ನೂರು ಕಿಲೋಮೀಟರ್ ಹಾರಿ ಬಂದೆ. ದೂರದ ಹಾರಾಟಕ್ಕೆ ಕೊಡುವ ಪದಕಕ್ಕೆ ಅಷ್ಟು ಸಾಕು. ಆದರೆ ಹಾದಿಯನ್ನು ದಾಖಲಿಸುವ ನನ್ನ ಹಳೆಯ ಫ್ಲೈಟ್ ರೆಕಾರ್ಡರ್ ಅರ್ಧ ದಾರಿಯಲ್ಲಿ ಕಣ್ಣು ಮುಚ್ಚಿತ್ತು. ದಾಖಲೆ ಇಲ್ಲದ ಹಾರಾಟ ಲೆಕ್ಕಕ್ಕಿಲ್ಲ. ಆವತ್ತು ನಾನು ಅತ್ತೆ. ಕೊಕ್ಕರೆ ಪಕ್ಕದಲ್ಲಿ ಒಂದು ಕಾಲಿನ ಮೇಲೆ ನಿಂತು, "ಮುಂದಿನ ಸಲ ಒಳ್ಳೇ ರೆಕಾರ್ಡರ್ ಹಾಕೋಣ, ಅಳ್ಬೇಡ" ಅಂದಿದ್ದ. ಮೊನ್ನೆ ಒಂದನ್ನು ತಂದು ಕೂರಿಸಿಯೂ ಬಿಟ್ಟ. "ಎಲ್ಲಿಂದ ತಂದೆ?" ಅಂತ ಕೇಳಿದ್ದಕ್ಕೆ "ವರ್ಕ್‌ಶಾಪಲ್ಲಿ ಬಿದ್ದಿತ್ತು" ಅಂದ.

ಇವತ್ತು ಮತ್ತೆ ಆ ಮುನ್ನೂರು ಕಿಲೋಮೀಟರಿಗೆ ಏರುವ ಮೊದಲು ಉಳಿದದ್ದು ಒಂದೇ ಕೆಲಸ. ಆ ರೆಕಾರ್ಡರನ್ನು ನನ್ನ ಅಂಗೈಯಗಲದ ನ್ಯಾವಿಗೇಟರಿಗೆ ಬ್ಲೂಟೂತ್‌ನಲ್ಲಿ ಜೋಡಿಸಬೇಕು. ಜೋಡಿಸಿದರೆ ರೆಕಾರ್ಡರ್ ನಾನೆಲ್ಲಿದ್ದೇನೆ ಅಂತ ಕ್ಷಣಕ್ಷಣಕ್ಕೂ ಹೇಳುತ್ತದೆ, ನ್ಯಾವಿಗೇಟರ್ ನಕ್ಷೆಯಲ್ಲಿ ತೋರಿಸುತ್ತದೆ. ಹುಡುಕುವಾಗ ರೆಕಾರ್ಡರಿನ ನೀಲಿ ದೀಪ ಮಿಟುಕುತ್ತದೆ, ಜೊತೆ ಸಿಕ್ಕಿದರೆ ಸ್ಥಿರವಾಗಿ ಉರಿಯುತ್ತದೆ. ಒಂದು ಸಲಕ್ಕೆ ಒಂದೇ ಜೊತೆ. ಹತ್ತು ಹೆಜ್ಜೆಯಾಚೆ ಹೋದರೆ ಸಂಬಂಧ ಕಟ್.

ಬಟನ್ ಒತ್ತಿದೆ. ದೀಪ ಮಿಟುಕಿತು. ಆಮೇಲೆ ನಿಂತು ಉರಿಯಿತು.

ನಾನು ಖುಷಿಯಿಂದ ನ್ಯಾವಿಗೇಟರ್ ನೋಡಿದೆ. ಅದರ ಪರದೆಯ ಮೇಲೆ 'ಹುಡುಕುತ್ತಿದೆ' ಅಂತಲೇ ಇತ್ತು.

ಹಾಗಾದರೆ ಈ ದೀಪ ಯಾರ ಜೊತೆ ಸೇರಿಕೊಂಡು ಉರಿಯುತ್ತಿದೆ?

ತಲೆಯೆತ್ತಿದೆ. ಹೆಗಲಿಗೆ ಬ್ಯಾಗು ಹಾಕಿಕೊಂಡು ಹಲ್ಲಿನ ಡಾಕ್ಟರ್ ಹೋಗುತ್ತಿದ್ದರು. ನನ್ನನ್ನು ಕಂಡು ನಕ್ಕರು. ಆಕೆಯ ಕ್ಲಿನಿಕ್ಕಿಗೆ ಬೋರ್ಡು ಬೇಡ, ಬಾಯಿ ತೆರೆದರೆ ಸಾಕು. ಅಂಥಾ ಹಲ್ಲು. ಹೋದ ವರ್ಷ ಕ್ಲಬ್ಬಿಗೆ ಸೇರಿದವರು, ನನಗಿಂತ ಹೊಸ ಗ್ಲೈಡರ್, ನನಗಿಂತ ನುಣುಪಾದ ಕೂದಲು.

ಆಕೆ ದೂರ ಹೋದರು. ದೀಪ ಮಿಟುಕತೊಡಗಿತು.

ನೀರಿನ ಬಾಟಲಿ ಮರೆತಿದ್ದರೋ ಏನೋ, ವಾಪಸ್ ಬಂದರು. ದೀಪ ಮತ್ತೆ ನಿಂತು ಉರಿಯಿತು. ಡಾಕ್ಟರ್ ಬಂದರೆ ಉರಿಯುತ್ತದೆ, ಹೋದರೆ ಚಡಪಡಿಸುತ್ತದೆ. ನನ್ನ ಕಣ್ಣೆದುರಿಗೇ, ನನ್ನ ಗ್ಲೈಡರಿನೊಳಗೇ!

ಕಳೆದ ಎರಡು ವಾರ ನಾನು ನುಂಗಿಕೊಂಡಿದ್ದೆಲ್ಲ ಆಗ ಗಂಟಲಿಗೆ ಬಂತು. ಸಂಜೆಯ ಟ್ರಿಪ್ಪಿನಲ್ಲಿ ನನ್ನ ಬಸ್ ಈ ಮೈದಾನದ ಬೇಲಿ ಹಾದು ಹೋಗುತ್ತದೆ. ಡ್ರೈವರ್ ಸೀಟು ಎತ್ತರ, ಕಾಣಬಾರದ್ದೆಲ್ಲ ಕಾಣುತ್ತದೆ. ದಿನಾ ಸಂಜೆ ಕೊಕ್ಕರೆಯ ಸ್ಕೂಟರ್ ಡಾಕ್ಟರ್ ಗ್ಲೈಡರ್ ಇಡುವ ಹ್ಯಾಂಗರಿನ ಮುಂದೆ ನಿಂತಿರುತ್ತಿತ್ತು. ಒಂದು ದಿನ ಅದನ್ನೇ ನೋಡುತ್ತಾ ಒಂದು ಸ್ಟಾಪ್ ಬಿಟ್ಟೇಬಿಟ್ಟೆ, ಪ್ರಯಾಣಿಕರೆಲ್ಲ ಸೇರಿ ನನಗೆ ಚೆನ್ನಾಗಿ ಉಗಿದರು.

ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ. ಅದಕ್ಕೆ ಸುಂದರವಾದ ಇನ್ನೊಂದು ಹೆಸರು ಹುಡುಕುವ ತಾಳ್ಮೆ ನನಗಿಲ್ಲ.

"ಕೊಕ್ಕರೇ!"

ಓಡಿ ಬಂದ. ಕೈಯಲ್ಲಿ ಟೇಪು, ಮುಖದಲ್ಲಿ ನಗು.

"ಇದು ಯಾರ ರೆಕಾರ್ಡರು?"

"ನಿಂದು."

"ನಂದಾದ್ರೆ ಅವರ ಬ್ಯಾಗ್ ಕಂಡ ತಕ್ಷಣ ಯಾಕೆ ಹೀಗೆ ಬೆಳಗತ್ತೆ?"

ಅವನು ದೀಪ ನೋಡಿದ, ಡಾಕ್ಟರ್ ಕಡೆ ನೋಡಿದ, ನಿಧಾನವಾಗಿ ಒಂದು ಕಾಲು ಎತ್ತಿದ. "ಅದು... ಹಳೇ ಪರಿಚಯ ನೆನಪಿಟ್ಕೊಂಡಿರತ್ತೆ. ಅವರ ನ್ಯಾವಿಗೇಟರ್ ಆನ್ ಆಗಿದೆ ಅನ್ಸತ್ತೆ."

"ಹಳೇ ಪರಿಚಯ ಯಾರಿಗೆ? ಅದಕ್ಕೋ, ನಿನಗೋ?"

"ಏ, ಹಾಗಲ್ಲ ಕಣೇ..."

"ಹತ್ತು ಹೆಜ್ಜೆ ಒಳಗಿದ್ರೆ ಮಾತ್ರ ಸೇರೋದು ಅಂತ ನನಗೆ ಹೇಳಿಕೊಟ್ಟೋನು ನೀನೇ. ಇದೂ, ಅವರೂ, ನೀನೂ ಎಷ್ಟು ಸಂಜೆ ಹತ್ತು ಹೆಜ್ಜೆ ಒಳಗೆ ಕೂತಿದ್ರಿ?"

"ಕೂತಿರ್ಲಿಲ್ಲ. ಕೆಲಸ ಇತ್ತು."

"ಏನು ಕೆಲಸ?"

ಬಾಯಿ ತೆರೆದ. ಮತ್ತೆ ಡಾಕ್ಟರ್ ಕಡೆ ಒಂದು ನೋಟ ಹರಿಯಬಿಟ್ಟ, 'ಹೇಳಲೋ ಬೇಡವೋ' ಅನ್ನುವ ಹಾಗೆ. ಆಕೆ ಅಷ್ಟು ದೂರದಿಂದಲೇ 'ಬೇಡ' ಅನ್ನುವ ಹಾಗೆ ತಲೆಯಾಡಿಸಿದರು. ಇವನು ಬಾಯಿ ಮುಚ್ಚಿಕೊಂಡ.

ಕಣ್ಣಲ್ಲೇ ಮಾತು ಮುಗಿಸುವಷ್ಟು ಸಲಿಗೆ! ಬೆಳಿಗ್ಗೆ ಅವನು ಹೇಳಿದ 'ಒಂದು ಮಾತು' ಏನಿರಬಹುದು ಅಂತ ಥಟ್ಟನೆ ಹೊಳೆಯಿತು. ನಾನು ಕಾಯುತ್ತಿದ್ದ ಮಾತಲ್ಲ ಅದು. ಇನ್ನು ಮುಂದೆ ಡಾಕ್ಟರ್ ಜೊತೆ ಹೋಗುತ್ತೇನೆ, ಬೇಜಾರಿಲ್ಲ ತಾನೇ ಅಂತ ಅಪ್ಪಣೆ ಕೇಳುವ ಮಾತು.

"ಇವತ್ತು ನನ್ನ ರೆಕ್ಕೆ ಹಿಡಿಯೋದು ಬೇಡ," ಅಂದೆ. "ಹೋಗಿ ಅವರದ್ದು ಹಿಡಿ."

ಅವನ ಮುಖದ ನಗು ಆರಿತು. ಟೇಪನ್ನು ಕಾಕ್‌ಪಿಟ್ಟಿನ ಅಂಚಿನ ಮೇಲಿಟ್ಟು, ತಿರುಗಿ ನಡೆದುಬಿಟ್ಟ.

ರೇಡಿಯೋದಲ್ಲಿ ಚಿಕ್ಕಪ್ಪನ ದನಿ ಕೇಳಿತು. ಮೈದಾನದ ಆ ತುದಿಯಲ್ಲಿ, ಗ್ಲೈಡರನ್ನು ಮೇಲೇರಿಸಲು ಹಗ್ಗ ಎಳೆಯುವ ವಿಂಚ್ ಯಂತ್ರದ ಮೇಲೆ ಕೂತಿರುವವರು ಅವರು. "ಏನು ಪುಟ್ಟೀ, ಮೋಡ ಏಳ್ತಾ ಇದೆ, ಮೇಲೆತ್ತೋ ಬಿಸಿಗಾಳಿ ಸಿಗತ್ತೆ. ಇಂಥಾ ದಿನ ಮತ್ತೆ ಸಿಗಲ್ಲ. ಇನ್ನೂ ಪೆಟ್ಟಿಗೆ ಜೋಡಿಸ್ತಾ ಇದ್ದೀಯಾ?"

"ಜೋಡಿ ಸಿಗ್ತಿಲ್ಲ ಚಿಕ್ಕಪ್ಪ," ಅಂದೆ.

ನೆತ್ತಿಯ ಮೇಲೆ ನೆರಳು ಬಿತ್ತು. ಡಾಕ್ಟರ್ ಬಂದು ನಿಂತಿದ್ದರು. ದೀಪ ಜೋರಾಗಿ ಉರಿಯಿತು. ಅದನ್ನು ಕಿತ್ತು ಬಿಸಾಡಬೇಕು ಅನ್ನಿಸಿತು.

"ಕೊಕ್ಕರೆ ಮುಖ ಇಷ್ಟುದ್ದ ಮಾಡ್ಕೊಂಡು ಹೋದ್ರಲ್ಲ, ಏನಾಯ್ತು?"

"ನಿಮ್ಮ ಹತ್ರಾನೇ ಬರ್ತಿದ್ದಾನೆ. ಇಟ್ಕೊಳ್ಳಿ."

ಆಕೆ ಬ್ಯಾಗು ಕೆಳಗಿಟ್ಟು, ನನ್ನ ಕಾಕ್‌ಪಿಟ್ಟಿನ ಅಂಚಿಗೆ ಮೊಣಕೈ ಊರಿದರು.

"ಆ ರೆಕಾರ್ಡರ್ ನಂದಾಗಿತ್ತು ಕಣ್ರೀ. ನಿಮಗೆ ಹೇಳ್ಬೇಡಿ ಅಂತ ಅವರೇ ನನ್ನ ಹತ್ರ ಮಾತು ತಗೊಂಡಿದ್ರು. ಗೊತ್ತಾದ್ರೆ ನೀವು ಮುಟ್ಟಲ್ಲವಂತೆ. ನನ್ನ ಗ್ಲೈಡರಿನ ರೆಕ್ಕೆ ತುದಿ ಒಡೆದಿತ್ತಲ್ಲ, ಅದನ್ನ ಎರಡು ವಾರ ಸಂಜೆ ಸಂಜೆ ಬಂದು ಸರಿ ಮಾಡಿದ್ರು. ಅದಕ್ಕೆ ಬದಲಾಗಿ ಇದು ಬೇಕು ಅಂದ್ರು."

ಅವನು ಬಿಟ್ಟುಹೋದ ಟೇಪನ್ನು ನಾನು ಕೈಗೆತ್ತಿಕೊಂಡೆ.

"ನಾನು ಸುಮ್ನೆ ತಗೊಂಡು ಹೋಗಿ ಅಂದೆ." ಆಕೆ ಬೆರಳಿನಿಂದ ಗಾಜಿನ ಮೇಲಿಲ್ಲದ ಧೂಳು ಒರೆಸುತ್ತಾ ಹೇಳಿದರು. "ಒಂದು ಸಂಜೆ ಊಟಕ್ಕೆ ಕರೆದೆ. ಬರಲಿಲ್ಲ. ಇನ್ನೊಂದ್ಸಲ ಕರೆದೆ. ಆಗ್ಲೂ ಬರಲಿಲ್ಲ. ಉಜ್ಜು ಕಾಗದ ಹಿಡ್ಕೊಂಡು ರೆಕ್ಕೆ ಉಜ್ತಾ ನಿಮ್ಮ ಸುದ್ದಿ. ನೀವು ಹೇಗೆ ನಗ್ತೀರಿ, ಹೇಗೆ ಬೈತೀರಿ, ಬಸ್ಸನ್ನ ಹೇಗೆ ತಿರುಗಿಸ್ತೀರಿ. ಎರಡು ವಾರ ಕೇಳಿ ಕೇಳಿ ನನಗೆ ಮೈ ಉರಿದು ಹೋಯ್ತು."

ತಲೆಯೆತ್ತಿ ಆಕೆಯ ಕಣ್ಣು ನೋಡಿದೆ. ಆ ಕಣ್ಣಲ್ಲಿ ಇದ್ದದ್ದು ನನಗೆ ಚೆನ್ನಾಗಿ ಪರಿಚಯವಿತ್ತು. ಎರಡು ವಾರ ಬಸ್ಸಿನ ಕನ್ನಡಿಯಲ್ಲಿ ನಾನು ಅದನ್ನೇ ನೋಡಿಕೊಂಡಿದ್ದೆ.

"ನನ್ನ ಕಡೆಯಿಂದ ಇದನ್ನ ಅಳಿಸ್ಬೇಕಿತ್ತು," ಅಂದರು ಡಾಕ್ಟರ್. "ಕೊಟ್ಟ ದಿನವೇ ಅಳಿಸ್ಬೇಕಿತ್ತು. ಮರೆತೆ ಅಂತ ಹೇಳಲ್ಲ. ಮನಸ್ಸಾಗ್ಲಿಲ್ಲ."

ಬ್ಯಾಗಿನಿಂದ ತಮ್ಮ ನ್ಯಾವಿಗೇಟರ್ ತೆಗೆದರು. ಬೆರಳು ಪರದೆಯ ಮೇಲೆ ಒಂದು ಗಳಿಗೆ ನಿಂತಿತು, ಆಮೇಲೆ ಒತ್ತಿತು. ನನ್ನ ಮಡಿಲಲ್ಲಿದ್ದ ನ್ಯಾವಿಗೇಟರ್ ಕೂಡಲೇ ಗುಪ್ತ ಸಂಖ್ಯೆ ಕೇಳಿತು. ಹಾಕಿದೆ. ನಕ್ಷೆ ತೆರೆದುಕೊಂಡಿತು, ನಡುವೆ ನಾನಿದ್ದೆ.

"ಥ್ಯಾಂಕ್ಸ್ ಡಾಕ್ಟ್ರೇ," ಅಂದೆ. ಮನಸಾರೆ ಅಂದೆ. ಆದರೂ ಆಕೆ ಬಗ್ಗಿದಾಗ ಜಾರಿದ ಆ ಕೂದಲು ಮಾತ್ರ ನನಗೆ ಸೇರಲಿಲ್ಲ.

ಬೆಲ್ಟು ಬಿಚ್ಚಿ ಹೊರಗೆ ಹಾರಿದೆ.

"ಪುಟ್ಟೀ, ಎಲ್ಲಿಗೆ? ಬಿಸಿಗಾಳಿ ಏಳ್ತಿದೆ, ಹೊತ್ತು ಮೀರತ್ತೆ!" ರೇಡಿಯೋದಲ್ಲಿ ಚಿಕ್ಕಪ್ಪ ಕೂಗಿದರು. ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಡಾಕ್ಟರ್ ಹ್ಯಾಂಗರಿನ ಮುಂದೆ ಅವರ ಗ್ಲೈಡರ್ ನಿಂತಿತ್ತು. ಕಾಕ್‌ಪಿಟ್ಟಿನಲ್ಲಿ ಯಾರೂ ಇಲ್ಲ, ಮೇಲೆ ಹೊದಿಕೆಯೂ ಹಾಗೇ ಇತ್ತು. ರೆಕ್ಕೆಯ ತುದಿ ಹಿಡಿದುಕೊಂಡು ಕೊಕ್ಕರೆ ಬಿಸಿಲಿನಲ್ಲಿ ನೆಟ್ಟಗೆ ನಿಂತಿದ್ದ.

"ಏನ್ ಮಾಡ್ತಿದ್ದೀಯೋ?"

"ನೀನೇ ಹೇಳ್ದೆಯಲ್ಲ, ಹೋಗಿ ಅವರದ್ದು ಹಿಡಿ ಅಂತ."

ನಗು ಬಂತು, ಅಳುವೂ ಬಂತು. ಯಾವುದನ್ನು ಮೊದಲು ಬಿಡಲಿ ಅಂತ ತಿಳಿಯದೆ ಅವನ ಅಂಗಿಯ ತೋಳು ಹಿಡಿದು ಜಗ್ಗಿದೆ. "ಬಿಡು ಅದನ್ನ. ಡಾಕ್ಟರ್ ಎಲ್ಲಾ ಹೇಳಿದ್ರು. ನನಗೆ ಹೊಟ್ಟೆಕಿಚ್ಚಾಗಿತ್ತು."

"ಅಷ್ಟು ಗೊತ್ತಾಯ್ತು. ಎಷ್ಟು ಆಗಿತ್ತು?"

"ನಿನ್ನ ಸ್ಕೂಟರ್ ಮೇಲೆ ಬಸ್ ಹತ್ತಿಸೋಷ್ಟು."

ಅವನ ತುಟಿಯ ಒಂದು ಮೂಲೆಯಲ್ಲಿ ಶುರುವಾದ ನಗು ಮೆಲ್ಲಗೆ ಕಣ್ಣಿನವರೆಗೂ ಹಬ್ಬಿತು. ನಾನು ನೋಡುತ್ತಿದ್ದೇನೆ ಅಂತ ಗೊತ್ತಿದ್ದೂ ಅದನ್ನು ಅಡಗಿಸಲಿಲ್ಲ. "ಸದ್ಯ, ಅಷ್ಟಾದ್ರೂ ಆಯ್ತಲ್ಲ. ಮೂರು ವರ್ಷದಿಂದ ನಿನಗೆ ನನ್ನ ಬಗ್ಗೆ ಏನಾದ್ರೂ ಇದೆಯೋ ಇಲ್ವೋ ಅಂತಾನೇ ತಿಳೀದೆ ಒದ್ದಾಡ್ತಿದ್ದೆ."

"ಬೆಳಿಗ್ಗೆ ಏನೋ ಕೇಳ್ಬೇಕು ಅಂದ್ಯಲ್ಲ. ಈಗಲೇ ಕೇಳು."

"ಹಾರಿ ಬಂದ ಮೇಲೆ."

"ಈಗ."

"ಈಗ ಕೇಳಿದ್ರೆ ಮೇಲೆ ನಿನ್ನ ಕೈ ನಡುಗತ್ತೆ."

"ಪೇಟೆ ಮಧ್ಯೆ ಬಸ್ ಓಡಿಸೋ ಕೈ ಇದು. ನಡುಗಲ್ಲ."

ಅವನು ಮೋಡ ನೋಡಿದ, ನನ್ನನ್ನು ನೋಡಿದ. ತಟ್ಟನೆ ನನ್ನ ಕೈ ಹಿಡಿದುಕೊಂಡು ಓಡತೊಡಗಿದ. ಆ ಉದ್ದ ಕಾಲಿನ ಸಮಕ್ಕೆ ಓಡುವುದೆಂದರೆ ಹುಡುಗಾಟವಲ್ಲ. ಏದುಸಿರು ಬಿಡುತ್ತಾ ನನ್ನ ಗ್ಲೈಡರ್ ಮುಟ್ಟಿದಾಗಲೂ ಅವನ ಕೈ ಬಿಟ್ಟಿರಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ.

ಒಳಗೆ ಕೂರಿಸಿದ. ಬೆಲ್ಟು ಬಿಗಿದ. ಹಗ್ಗ ಸಿಕ್ಕಿಸಿದ. ಗಾಜಿನ ಮುಚ್ಚಳ ಇಳಿಸಲು ಬಗ್ಗಿದವನು ಅರ್ಧದಲ್ಲಿ ನಿಂತ. ಅವನ ಹಣೆಯ ಬೆವರು, ರೆಕ್ಕೆ ಉಜ್ಜುವಾಗ ರೆಪ್ಪೆಗೆ ಅಂಟಿದ ಬಿಳಿ ಪುಡಿ, ಎಲ್ಲ ಅಂಗೈ ದೂರದಲ್ಲಿ.

"ನನ್ನನ್ನ ಮದ್ವೆ ಆಗ್ತೀಯಾ?"

ಕೇಳಿದವನೇ ಮುಚ್ಚಳ ಮುಚ್ಚಿ ರೆಕ್ಕೆಯ ತುದಿಗೆ ಓಡಿಬಿಟ್ಟ. ಉತ್ತರ ಕೇಳುವ ಧೈರ್ಯ ಇಲ್ಲದ ಪುಕ್ಕಲ! ಹಗ್ಗ ಬಿಗಿಯಾಯಿತು, ರೆಕ್ಕೆ ಸಮವಾಯಿತು. ಅವನು ನಾಲ್ಕು ಹೆಜ್ಜೆ ನನ್ನ ಜೊತೆಗೆ ಓಡಿದ, ಅಷ್ಟರಲ್ಲಿ ನೆಲ ಕೆಳಗಾಯಿತು.

ಮೇಲೆ ಹಗ್ಗ ಕಳಚಿದ ಮೇಲೆ ಸದ್ದೆಲ್ಲ ನಿಂತಿತು. ಗಾಳಿಯ ಸುಯ್ಯೆನ್ನುವಿಕೆ ಮಾತ್ರ. ಒಂದು ಬಿಸಿಗಾಳಿ ನನ್ನ ಬಲ ರೆಕ್ಕೆಯನ್ನು ಎತ್ತಿತು, ನಾನು ಅದರೊಳಗೆ ಸುತ್ತು ಹಾಕತೊಡಗಿದೆ. ಕೈ ನಡುಗುತ್ತಿತ್ತು.

ಸಂಜೆಯವರೆಗೆ ಕಾಯಬಹುದಿತ್ತು. ಮರ್ಯಾದಸ್ಥರು ಹಾಗೇ ಮಾಡುತ್ತಾರೆ. ನಾನು ರೇಡಿಯೋ ಗುಂಡಿ ಒತ್ತಿದೆ. ಮೈದಾನದಲ್ಲಿ ಯಾರ್ಯಾರ ಹತ್ತಿರ ರೇಡಿಯೋ ಇದೆಯೋ ಅವರಿಗೆಲ್ಲ ಕೇಳಿಸುವ ಚಾನೆಲ್ ಅದು.

"ಕೊಕ್ಕರೇ, ಆಗ್ತೀನಿ. ನಿನ್ನನ್ನೇ ಆಗ್ತೀನಿ."

ಮೊದಲು ಉತ್ತರಿಸಿದವರು ಚಿಕ್ಕಪ್ಪ. "ಪುಟ್ಟೀ, ಈ ಚಾನೆಲ್ ಇರೋದು ಇಂಥಾದ್ದಕ್ಕಲ್ಲ," ಅಂದರು. ಅವರ ದನಿ ಗದ್ಗದವಾಗಿತ್ತು. "ನನಗೆ ಒಪ್ಪಿಗೆ."

"ಕೇಳಿಸ್ತು ಕಣ್ರೀ," ಅಂತ ಡಾಕ್ಟರ್ ದನಿಯೂ ಬಂತು. "ಒಳ್ಳೇದಾಗ್ಲಿ."

ಎಲ್ಲರೂ ಮಾತಾಡಿದರು, ಕೇಳಬೇಕಾದವನೊಬ್ಬನನ್ನು ಬಿಟ್ಟು. ಬಗ್ಗಿ ನೋಡಿದೆ. ಹಸಿರು ಮೈದಾನದ ಮೇಲೆ ಕಡ್ಡಿಯಂಥ ಒಂದು ಆಕೃತಿ ಉದ್ದುದ್ದ ಹೆಜ್ಜೆ ಹಾಕುತ್ತಾ ಚಿಕ್ಕಪ್ಪನ ವಿಂಚ್ ಕಡೆಗೆ ಎದ್ದುಬಿದ್ದು ಓಡುತ್ತಿತ್ತು. ರೆಕ್ಕೆ ಹಿಡಿಯುವವನ ಕೈಯಲ್ಲಿ ರೇಡಿಯೋ ಎಲ್ಲಿರುತ್ತದೆ?

ನಾನು ಇನ್ನೊಂದು ಸುತ್ತು ಮುಗಿಸುವಷ್ಟರಲ್ಲಿ ಏದುಸಿರಿನ ದನಿ ಬಂತು. "ಎಲ್ರೂ ನನ್ನ ನೋಡಿ ನಗ್ತಿದ್ದಾರೆ. ಏನಂದೆ? ನನಗೆ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು."

ಹೇಳಿದೆ. ಎರಡನೇ ಸಲ ಇನ್ನಷ್ಟು ಗಟ್ಟಿಯಾಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಡಾಕ್ಟರ್ ಒಳ್ಳೆಯವರೇ, ಅದರಲ್ಲಿ ಎರಡು ಮಾತಿಲ್ಲ. ಆದರೂ ಅವರಿಗೂ ಇನ್ನೊಂದು ಸಲ ಕೇಳಿಸಲಿ ಅಂತ.