ತಿಂಗಳಿಗೊಂದು ಉಸಿರು

ಬಹಳ ಹಿಂದೆ, ಕಲ್ಲಿಗೂ ಕಿವಿಯಿದ್ದ ಕಾಲದಲ್ಲಿ, ಗಾಳಿಪಟ್ಟಣ ಎಂಬ ಒಂದು ರಾಜ್ಯವಿತ್ತು. ಅಲ್ಲಿ ಸೇತುವೆ ನಿಂತಿದ್ದು, ಬಾವಿ ತುಂಬಿದ್ದು, ದೀಪ ಉರಿದಿದ್ದು ಎಲ್ಲ ಮಂತ್ರದಿಂದ. ಮಂತ್ರಕ್ಕೆ ಬೇಕಾದದ್ದು ಜನರ ಉಸಿರು. ಪ್ರತಿ ಹುಣ್ಣಿಮೆಗೆ ಎಲ್ಲರೂ ಬಂದು ಅರಮನೆ ಬಾಗಿಲಿನ ತಾಮ್ರದ ಕೊಡದೊಳಗೆ ಒಂದೊಂದು ಉಸಿರು ಊದಬೇಕು. ಅಷ್ಟು ಕೊಟ್ಟರೆ ಸಾಕು, ರಾಜ್ಯದಲ್ಲಿರುವುದೆಲ್ಲ ನಿಮ್ಮದೇ ಎಂದು ಹಳೆಯ ರಾಜ ಮಾತು ಕೊಟ್ಟಿದ್ದ.

ಹಳೆಯ ರಾಜ ಸತ್ತ. ಥಳುಕಸಿದ್ಧ ಎಂಬ ಮಾಂತ್ರಿಕ ಗದ್ದುಗೆ ಏರಿದ. ಏರಿದವನೇ ಕೊಡದ ಪಕ್ಕದಲ್ಲಿ ಒಂದು ಅಂಗಡಿ ತೆರೆದ. ಇನ್ನೊಂದು ಉಸಿರು ಊದಿದರೆ ಮಿಂಚುವ ಗರಿಶಾಲು, ಮತ್ತೊಂದು ಊದಿದರೆ ಬಣ್ಣದ ಹೊಗೆ ಬಿಡುವ ಪೇಟ. ಶಾಲು ಚಳಿ ತಡೆಯುತ್ತಿರಲಿಲ್ಲ, ಪೇಟ ಬಿಸಿಲು ತಡೆಯುತ್ತಿರಲಿಲ್ಲ. ಆದರೂ ಜನ ಮುಗಿಬಿದ್ದರು. ಇಂಥ ಜನಕ್ಕೆ ಏನು ಹೇಳೋಣ?

ಆ ಪಟ್ಟಣದಲ್ಲಿ ಚನ್ನಾಜಿ, ಮುದ್ದಿ ಎಂಬ ಅಕ್ಕತಂಗಿಯರಿದ್ದರು. ಒಂದು ಬೆಳಿಗ್ಗೆ ಮುದ್ದಿ ಅರಮನೆಯ ಮುಂದಿನ ಸೇತುವೆ ದಾಟುತ್ತಿದ್ದಾಗ ಕಲ್ಲು ಹಸಿಹಿಟ್ಟಿನಂತೆ ಮೆತ್ತಗಾಗಿ ಅವಳ ಪಾದಗಳನ್ನು ನುಂಗಿ ಮತ್ತೆ ಗಟ್ಟಿಯಾಯಿತು. ಎಷ್ಟು ಎಳೆದರೂ ಬರಲಿಲ್ಲ. ದಾರಿಹೋಕರು ಅವಳ ಪಕ್ಕದಿಂದ ಸುತ್ತಿ ತಮ್ಮ ಪಾಡಿಗೆ ತಾವು ಹೋದರು.

ಚನ್ನಾಜಿ ಅರಮನೆಗೆ ಓಡಿದಳು. ಮೊದಲ ಬಾಗಿಲಲ್ಲಿ ಮಾತಾಡುವ ಮೈನಾ ಕೂತಿತ್ತು.

"ಸೇತುವೆ ನನ್ನ ತಂಗಿ ಪಾದ ನುಂಗಿದೆ. ಯಾರನ್ನಾದ್ರೂ ಕಳಿಸಿ."

"ನಿಮ್ಮ ತೊಂದರೆ ನಮ್ಮ ಗಮನಕ್ಕೆ ಬಂದಿದೆ," ಎಂದಿತು ಮೈನಾ. "ಅಷ್ಟರಲ್ಲಿ ತಂಗಿಗೆ ಒಂದು ಜೊತೆ ಮಿಂಚಿನ ಗೆಜ್ಜೆ ತಗೊಳ್ತೀರಾ?"

"ಪಾದಾನೇ ಕಾಣ್ತಿಲ್ಲ. ಗೆಜ್ಜೆ ಎಲ್ಲಿ ಕಟ್ಲಿ?"

"ನಿಮ್ಮ ತೊಂದರೆ ನಮ್ಮ ಗಮನಕ್ಕೆ ಬಂದಿದೆ."

ಇದರ ಹತ್ತಿರ ಮಾತಾಡಿ ಪ್ರಯೋಜನವಿಲ್ಲವೆಂದು ಚನ್ನಾಜಿ ವಾಪಸು ಬಂದಳು. ಅಷ್ಟರಲ್ಲಿ ಕಲ್ಲು ಮುದ್ದಿಯ ಸೊಂಟಕ್ಕೆ ಏರಿತ್ತು.

ಎರಡನೆಯ ಬಾಗಿಲಲ್ಲಿ ಎರಡು ತಲೆಯ ಹುಲಿಯಿತ್ತು. ಹುಲಿಯಾದರೆ ಹೋರಾಡಬಹುದು ಎಂದು ಚನ್ನಾಜಿ ಕುಡುಗೋಲು ಹಿಡಿದೇ ಹೋದಳು. ಹುಲಿ ಹೋರಾಡಲಿಲ್ಲ. ಅದರ ಒಂದು ತಲೆ ಕ್ಷಮೆ ಕೇಳಿತು.

"ಸೇತುವೆ ನೋಡ್ಕೊಳ್ಳೋರು ಎಲ್ಲಿ ಹೋದ್ರು?"

"ಒಳಗೆ ಕೂತು ಗರಿ ಹೊಲೀತಿದಾರಮ್ಮ. ಹಬ್ಬಕ್ಕೆ ಹೊಸ ಶಾಲು ಬರ್ತಿದೆ."

"ಸೊಂಟಕ್ಕೆ ಡಾಬು ತೋರಿಸ್ಲಾ?" ಎಂದಿತು ಇನ್ನೊಂದು ತಲೆ.

ಚನ್ನಾಜಿಗೆ ಮೈಯೆಲ್ಲ ಉರಿಯಿತು. ಕುಡುಗೋಲು ಬಿಸಾಕಿ ಹಿಂದಿರುಗಿದಳು. ಕಲ್ಲು ತಂಗಿಯ ಕುತ್ತಿಗೆ ಮುಟ್ಟಿತ್ತು. "ಅಕ್ಕ, ಉಸಿರಾಡೋಕೆ ಕಷ್ಟ ಆಗ್ತಿದೆ," ಎಂದಳು ಮುದ್ದಿ.

ಈ ಸಲ ಚನ್ನಾಜಿ ಮೈನಾವನ್ನೂ ಹುಲಿಯನ್ನೂ ದಾಟಿ ಮೂರನೆಯ ಬಾಗಿಲು ಒದ್ದುಕೊಂಡು ಒಳಗೆ ಹೋದಳು. ಥಳುಕಸಿದ್ಧ ಝಗಝಗಿಸುವ ನಿಲುವಂಗಿ ತೊಟ್ಟು ಕೂತಿದ್ದ.

"ಕೋಪ ಯಾಕೆ ತಾಯಿ? ನನ್ನ ಅಂಗಡೀಲಿ ಬಲವಂತ ಇಲ್ಲ. ಬರೀ ಅಲಂಕಾರ. ಬೇಡವಾದರೆ ಬಿಡು."

"ಅಲಂಕಾರದ ಮಾತು ಆಡೋಕೆ ಬಂದಿಲ್ಲ ನಾನು. ಹುಣ್ಣಿಮೆ ಹುಣ್ಣಿಮೆಗೂ ಊದಿದೀನಲ್ಲ, ಆ ಉಸಿರು ಎಲ್ಲಿ? ನನ್ನ ತಂಗಿ ಸಾಯ್ತಿದಾಳೆ."

ಸಿದ್ಧ ಒಂದು ಪೆಟ್ಟಿಗೆ ತೆರೆದು ಕಂಠೀಹಾರ ತೋರಿಸಿದ.

ಚನ್ನಾಜಿ ಹೊರಗೆ ಬಂದಳು. ಅಂದು ಹುಣ್ಣಿಮೆ. ಕೊಡದ ಮುಂದೆ ಜನ ಸಾಲುಗಟ್ಟಿ ನಿಂತಿದ್ದರು. ಅವಳು ಕೊಡದ ಬಾಯಿಗೆ ಎರಡೂ ಅಂಗೈ ಅಡ್ಡ ಹಿಡಿದಳು. "ಈ ತಿಂಗಳು ಇದರೊಳಗೆ ಯಾರೂ ಊದಬೇಡಿ. ಬಂದು ಆ ಕಲ್ಲಿಗೆ ಊದಿ."

ನೆರೆಮನೆಯ ಪದುಮಣ್ಣ ಹೊಸದಾಗಿ ಕೊಂಡ ರೆಕ್ಕೆಕುದುರೆಯ ಮೇಲೆ ಸೇತುವೆ ಹತ್ತಿ ಬರುತ್ತಿದ್ದ. "ನನ್ನ ಉಸಿರು, ನನ್ನಿಷ್ಟ. ಬೇಡದೋರು ಸುಮ್ನಿರಬೇಕಪ್ಪ," ಎಂದು ಅಲ್ಲಿಂದಲೇ ಕೂಗಿದ. ಕೂಗುತ್ತಿದ್ದಂತೆ ಕಲ್ಲು ಮೆತ್ತಗಾಯಿತು. ಕುದುರೆ ಹೊಟ್ಟೆಯವರೆಗೂ ಹೂತುಹೋಯಿತು, ಪದುಮಣ್ಣನ ಕಾಲುಗಳೂ ಜೊತೆಗೆ.

"ರೆಕ್ಕೆ ಇದೆಯಲ್ಲ ಅಣ್ಣ, ಹಾರಿಸು," ಎಂದಳು ಚನ್ನಾಜಿ.

"ಇದು ಹಾರೋದಿಲ್ಲ ಕಣಮ್ಮ," ಎಂದ ಪದುಮಣ್ಣ ಸಣ್ಣ ದನಿಯಲ್ಲಿ. "ಹಾರೋ ಥರ ಕಾಣ್ತದೆ, ಅಷ್ಟೆ."

ಸಾಲಿನಲ್ಲಿದ್ದವರು ತಮ್ಮ ತಮ್ಮ ಕಾಲು ನೋಡಿಕೊಂಡರು. ಮನೆಗೆ ಹೋಗಲು ಅವರಿಗೂ ಅದೇ ಸೇತುವೆ. ತಂಗಿಯೊಬ್ಬಳು ಮುಳುಗುತ್ತಿದ್ದಾಗ ಬಾರದ ಬುದ್ಧಿ ಕುದುರೆ ಮುಳುಗಿದಾಗ ಬಂತು. ಇರಲಿ, ಬಂತಲ್ಲ. ಎಲ್ಲರೂ ಓಡಿ ಬಂದು ಸೇತುವೆಯಂಚಿನಲ್ಲಿ ಮಂಡಿಯೂರಿ ಕಲ್ಲಿಗೆ ಊದಿದರು. ಎಲ್ಲರಿಗಿಂತ ಜೋರಾಗಿ ಊದಿದವನು ಪದುಮಣ್ಣ. ಕಲ್ಲು ಮುದ್ದಿಯ ಗಲ್ಲದಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಸೊಂಟಕ್ಕೆ, ಸೊಂಟದಿಂದ ಪಾದಕ್ಕೆ ಇಳಿದು, ಅವಳನ್ನೂ ಪದುಮಣ್ಣನನ್ನೂ ಬಿಟ್ಟುಕೊಟ್ಟಿತು.

ಕೊಡ ಖಾಲಿ ಉಳಿದದ್ದರಿಂದ ಶಾಲುಗಳ ಮಿಂಚು ಆರಿತು, ಪೇಟಗಳ ಹೊಗೆ ನಿಂತಿತು, ಕುದುರೆ ಗಾಳಿಯಲ್ಲಿ ಕರಗಿತು. ಥಳುಕಸಿದ್ಧ ಬೊಬ್ಬೆ ಹಾಕುತ್ತ ಅರಮನೆಯಿಂದ ಓಡಿ ಬಂದ. ಅರ್ಧ ದಾರಿಯಲ್ಲಿ ಅವನ ನಿಲುವಂಗಿ ಕುಸಿದು ನೆಲಕ್ಕೆ ಬಿತ್ತು. ಒಳಗೆ ಯಾರೂ ಇರಲಿಲ್ಲ.

ಗರಿ ಹೊಲಿಯುತ್ತಿದ್ದವರು ಸೂಜಿ ಕೆಳಗಿಟ್ಟು ಹೊರಬಂದರು, ಸೇತುವೆಯ ಕೆಲಸಕ್ಕೆ ಕೈ ಹಚ್ಚಿದರು. ಮುದ್ದಿ ಕಾಲು ಉಜ್ಜಿಕೊಳ್ಳುತ್ತ ಕೂತಿದ್ದಳು. ಮೈನಾದಿಂದ ಹಿಡಿದು ಊರವರ ತನಕ ಎಲ್ಲರಿಗೂ ಸರಿಯಾಗಿ ಬೈಯಬೇಕೆಂದು ಚನ್ನಾಜಿ ಬಾಯಿ ತೆರೆದಳು. ಇದ್ದಬದ್ದ ಉಸಿರನ್ನೆಲ್ಲ ಕಲ್ಲಿಗೆ ಊದಿಬಿಟ್ಟಿದ್ದಳು, ಮಾತೇ ಹೊರಡಲಿಲ್ಲ. ತಂಗಿಯನ್ನು ತಬ್ಬಿಕೊಂಡು ಅತ್ತಳು.

ಗಾಳಿಪಟ್ಟಣ ಆಮೇಲೆ ಬಹುಕಾಲ ಸುಖವಾಗಿತ್ತು. ಉಸಿರು ತಿರುಗಿ ಬಂದ ಮೇಲೆ ಚನ್ನಾಜಿ ಬೈಯುವುದನ್ನು ಬಾಕಿ ಉಳಿಸಲಿಲ್ಲ.