ಅಳ್ಳಾಡಬ್ಯಾಡ್ರಿ

ಬೀಳುವ ಗಂಡಸನ್ನು ಹಿಡಿಯುವುದು ಶೈಲಶ್ರೀಯ ಸಂಶೋಧನೆಯ ಭಾಗವಾಗಿರಲಿಲ್ಲ.

ಕಡಗಂಚಿ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನ ಮೊದಲ ಮಹಡಿಯಲ್ಲಿ ಅವಳದೊಂದು ಹಲಗೆ ಇತ್ತು. ಜನ ಅದರ ಮೇಲೆ ಕಣ್ಣು ಮುಚ್ಚಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನಿಲ್ಲಬೇಕು. ಕಿವಿಯಲ್ಲಿ ಒಮ್ಮೆ ಗದ್ದಲ, ಒಮ್ಮೆ ಡೊಳ್ಳು, ಒಮ್ಮೆ ಏನೂ ಇಲ್ಲ. ಸದ್ದು ಬದಲಾದಾಗ ಮೈ ಎಷ್ಟು ತೂಗಾಡಿತು ಎಂಬುದನ್ನು ಹಲಗೆ ಕಂಪ್ಯೂಟರಿಗೆ ಚಾಡಿ ಹೇಳುತ್ತಿತ್ತು.

ಮನುಷ್ಯ ಸುಮ್ಮನೆ ನಿಂತಾಗಲೂ ಅವನ ಮೈ ಕಿವಿಗೆ ಬಿದ್ದದ್ದಕ್ಕೆಲ್ಲ ಗುಟ್ಟಾಗಿ ಉತ್ತರ ಕೊಡುತ್ತಿರುತ್ತದೆ. ಅವಳ ಪ್ರಬಂಧದ ಸಾರ ಇಷ್ಟೇ. ಇದು ತನ್ನ ಮೈಗೂ ಅನ್ವಯಿಸುತ್ತದೆ ಎಂದು ಅವಳು ಬರೆದಿರಲಿಲ್ಲ.

ಅಂದು ಹವಳಗಾದ ಸಕ್ಕರೆ ಕಾರ್ಖಾನೆಯವರು ಟೆಂಪೋ ಮಾಡಿಕೊಂಡು ಬಂದಿದ್ದರು. ಕೊನೆಗೆ ಹಲಗೆ ಹತ್ತಿದವನು ಮಾಳಿಂಗ, ಕಬ್ಬು ಅರೆಯುವ ಗಿರಣಿ ಮನೆಯ ಫಿಟ್ಟರ್. ಅಗಲ ಭುಜ, ನಾಚಿಕೆಯ ಕಣ್ಣು.

"ಕಣ್ಣ ಮುಚ್ಚಿ ನಿಂದರ್ರಿ. ಅಳ್ಳಾಡಬ್ಯಾಡ್ರಿ."

"ಆಯ್ತ್ರಿ ಮ್ಯಾಡಂ," ಎಂದ, ಪಕ್ಕದ ಕೋಣೆಯವರೂ ಕಣ್ಣು ಮುಚ್ಚುವಷ್ಟು ಗಟ್ಟಿಯಾಗಿ.

ಗದ್ದಲಕ್ಕೆ ಬೇರೆಯವರೆಲ್ಲ ಜೋಳದ ಪೈರಿನಂತೆ ತೂಗಿದ್ದರು. ಇವನು ನೆಟ್ಟ ಕಲ್ಲು. ಡೊಳ್ಳಿಗೂ ಜಗ್ಗಲಿಲ್ಲ. ಆಮೇಲೆ ಸದ್ದು ನಿಂತಿತು... ಇಡೀ ಮೈ ಮುಂದಕ್ಕೆ ವಾಲಿತು. ಕಾಲು ಹಲಗೆ ಬಿಟ್ಟಿತು.

ಶೈಲಶ್ರೀ ಎರಡೂ ಕೈಯಿಂದ ಅವನ ತೋಳು ಹಿಡಿದಳು.

"ಏನಾಯ್ತ್ರಿ?"

"ಸದ್ದ ನಿಂತ್ರ ಗಿರಣಿ ಕೆಟ್ಟಂಗ್ರಿ. ಕಾಲು ತಾವ ಓಡಾಕ ಹೊಂಟ್ವು." ಕಣ್ಣು ತೆರೆದು ನೋಡಿದ. "ಈಗ ನಿಂತೇನ್ರಿ. ಬಿಟ್ರೂ ನಡೀತದ."

ಅವಳು ಇನ್ನೂ ಬಿಟ್ಟಿರಲಿಲ್ಲ.

ಆಮೇಲೆ ಗಿರಣಿಯ ಸದ್ದನ್ನೇ ರೆಕಾರ್ಡ್ ಮಾಡಲು ಅವಳು ಹವಳಗಾಕ್ಕೆ ಹೋದಳು. ಒಂದು ಸಲ ಸಾಕಿತ್ತು. ರೆಕಾರ್ಡಿಂಗ್ ಸರಿಯಾಗಿಲ್ಲವೆಂದು ಮತ್ತೆ ಹೋದಳು. ಚೆನ್ನಾಗಿಯೇ ಇದ್ದ ರೆಕಾರ್ಡಿಂಗಿಗೆ ಈ ಮಾತು ಕೇಳಿಸಲಿಲ್ಲ, ಪುಣ್ಯ.

ಪ್ರತಿ ಸಲವೂ ಮಾಳಿಂಗನೇ ಜೊತೆಗೆ. ಗಿರಣಿ ಮನೆಯೊಳಗೆ ಕಾರ್ಮಿಕರು ಕೈಸನ್ನೆಯಲ್ಲೇ ಕೆಲಸ ನಡೆಸುತ್ತಿದ್ದರು. ಹೊರಗೆ ಬಂದರೆ ಇವನ ಗಂಟಲು ತೆರೆದುಕೊಳ್ಳುತ್ತಿತ್ತು.

"ನಮ್ಮವ್ವ ಅಂತಾಳ್ರಿ, ನೀ ಉಣ್ಣಾಕ ಕರದ್ರೂ ಜಗಳಕ್ಕ ಕರದಂಗ ಇರ್ತದಂತ."

"ನಿಮ್ಮವ್ವ ಸಣ್ಣ ಮಾಡಿ ಹೇಳ್ಯಾರ," ಎಂದಳು ಶೈಲಶ್ರೀ. ಅವನು ನಕ್ಕ. ಬೇಲಿಯ ಮೇಲಿನ ಕಾಗೆಗಳು ಎದ್ದು ಹೋದವು.

ಕೊನೆಯ ಭೇಟಿಯ ದಿನ ಅವಳು ರೆಕಾರ್ಡರ್ ಹಿಡಿದು ಕಬ್ಬು ಅರೆಯುವ ಉರುಳೆಗಳ ಈಚೆ ನಿಂತಿದ್ದಳು, ಅವನು ಆಚೆ. ನೆಲ ನಡುಗುತ್ತಿತ್ತು, ಅವಳ ಹಲ್ಲೂ ನಡುಗುತ್ತಿದ್ದವು. ಈ ಸದ್ದಿನಲ್ಲಿ ಏನು ಹೇಳಿದರೂ ಹೇಳದಂತೆಯೇ... ಹಾಗಿದ್ದರೆ ಒಮ್ಮೆ ಹೇಳಿಬಿಡಬಾರದೇಕೆ?

"ನಾ ರೆಕಾರ್ಡಿಂಗಿಗೆ ಬರೋದಲ್ಲ," ಎಂದಳು. "ನಿಮ್ಮ ಸಲುವಾಗಿ ಬರ್ತೇನಿ."

ಅವನು ಅವಳನ್ನೇ ನೋಡುತ್ತಿದ್ದ. ಕೈಯೆತ್ತಿ, ಹಿಂಗೈಯನ್ನು ಬಾಗಿಲ ಕಡೆಗೆ ಎರಡು ಸಲ ಬೀಸಿದ.

ಹೋಗು. ಹೋಗು.

ಅಫಜಲಪುರದ ಬಸ್ಸು ಗೇಟಿನ ಮುಂದೆಯೇ ನಿಂತಿತ್ತು. ಅವಳು ಹತ್ತಿದಳು. ಕೇಳಿಸಿತೇ? ಕೇಳಿಸಿದ್ದರೆ ಇದು ಉತ್ತರ. ಕೇಳಿಸದೆಯೂ ಹೋಗೆಂದಿದ್ದರೆ... ಅದೂ ಉತ್ತರವೇ.

ಸಂಜೆ ಅವನ ಫೋನು ಬಂತು. ಆ ದೊಡ್ಡ ಗಂಟಲಿನಿಂದ ಸಮಾಧಾನದ ಮಾತು ಕೇಳುವ ತ್ರಾಣ ಅವಳಿಗಿರಲಿಲ್ಲ. ಎತ್ತಲಿಲ್ಲ. ಆಮೇಲೆ ಫೋನು ಬರಲಿಲ್ಲ. ಪ್ರಯೋಗಕ್ಕೆ ಆ ರೆಕಾರ್ಡಿಂಗ್ ಹಾಕಿದಾಗಲೆಲ್ಲ ಅವಳು ಹೆಡ್‌ಫೋನನ್ನು ದೂರ ಹಿಡಿಯುತ್ತಿದ್ದಳು. ಆ ಗದ್ದಲದ ತಳದಲ್ಲಿ ತನ್ನ ಮಾತು ಬಿದ್ದಿದೆಯಲ್ಲ!

ಕಬ್ಬಿನ ಹಂಗಾಮು ಮುಗಿಯಿತು. ಎರಡನೇ ಸುತ್ತಿನ ಪರೀಕ್ಷೆಗೆ ಟೆಂಪೋ ಮತ್ತೆ ಬಂತು. ಮಾಳಿಂಗ ಮಹಡಿ ಹತ್ತಲಿಲ್ಲ.

"ಕೆಳಗ ಟೆಂಪೋದಾಗ ಕುಂತಾನ್ರಿ," ಎಂದ ಹಿರಿಯ ಕಾರ್ಮಿಕ ಬೀರಲಿಂಗಪ್ಪ, ಹಲಗೆಯಿಂದ ಇಳಿಯುತ್ತ. "ಮ್ಯಾಲ ಬರಾಂಗಿಲ್ಲ ಅಂತಾನ. ನಾಳಿ ಖಜೂರಿ ಗಡಿ ದಾಟಿ ಮಹಾರಾಷ್ಟ್ರಕ್ಕ ಹೊಂಟಾನ. ಅಲ್ಲಿ ಕಾರ್ಖಾನ್ಯಾಗ ನೌಕರಿ ಅದ."

ನಾಳೆ. ಶೈಲಶ್ರೀಯ ಕೈ ಕೀಬೋರ್ಡಿನ ಮೇಲೆ ನಿಂತಿತು.

ಅಷ್ಟರಲ್ಲಿ ಬಾಗಿಲಲ್ಲಿ ಇಣುಕಿದ ಜೊತೆಗಾರನ ಕಡೆಗೆ ಬೀರಲಿಂಗಪ್ಪ ಹಿಂಗೈಯನ್ನು ಎರಡು ಸಲ ಬೀಸಿದ. ಆ ಮನುಷ್ಯ ತಲೆಯಾಡಿಸಿ ಹೊರಗೆ ಹೋದ. ಹೋಗಿಬಿಡಲಿಲ್ಲ. ಗೋಡೆಗೆ ಒರಗಿ, ಎಲೆಗೆ ಸುಣ್ಣ ಹಚ್ಚುತ್ತ ಕಾಯತೊಡಗಿದ.

"ಕಾಕಾ, ಅವರಿಗೆ ಏನಂದ್ರಿ ಈಗ?"

"ಹೊರಗ ನಿಂದರು, ಹಿಂದಿಂದ ಬಂದೆ ಅಂತ. ಗಿರಣಿ ಮನಿ ಕೈಸನ್ನಿ ಅದು. ಯಾಕ್ರಿ?"

"ಹೋಗು ಅಂತ ಅಲ್ಲೇನು?"

"ಹೋಗು ಅನ್ನಾಕ ಸನ್ನಿ ಯಾಕ ಬೇಕವ್ವ? ಬೆನ್ನು ತಿರುಗಿಸಿದ್ರ ಮುಗೀತು."

ಶೈಲಶ್ರೀ ಕಿಟಕಿಗೆ ಹೋದಳು. ಕೆಳಗೆ ಟೆಂಪೋದ ನೆರಳಲ್ಲಿ ಮಾಳಿಂಗ ಮೊಣಕಾಲಿಗೆ ಗಲ್ಲವಿಟ್ಟು ಕೂತಿದ್ದ. ಈ ಸಲ ಸಿಟ್ಟು ಅವನದು, ಕರೆದರೆ ಬರುವವನಲ್ಲ.

"ಕಾಕಾ... ಎಷ್ಟ ಸಿಟ್ಟಿದ್ರೂ ಓಡಿ ಬರೋ ಸನ್ನಿ ಯಾವುದಾರ ಅದ ಏನು?"

ಬೀರಲಿಂಗಪ್ಪ ಅವಳ ಮುಖ ನೋಡಿದ. ಕಿಟಕಿ ನೋಡಿದ. ಮೀಸೆಯೊಳಗೆ ಏನನ್ನೋ ನುಂಗಿಕೊಂಡ. "ಎರಡೂ ಕೈ ತಲಿ ಮ್ಯಾಲ ಇಡ್ರಿ. ಉರುಳಿ ಸಿಕ್ಕೊಂಡಾವ ಅಂತ. ಹೆಣ ಇದ್ರೂ ಎದ್ದು ಬರ್ತದ."

ಅವಳು ಕಿಟಕಿಯಲ್ಲಿ ಎರಡೂ ಕೈಯನ್ನು ತಲೆಯ ಮೇಲಿಟ್ಟು ನಿಂತಳು.

ಕೆಳಗೆ ಅವನ ತಲೆ ಎದ್ದಿತು. ಸಿಟ್ಟು ಏಳುವ ಮೊದಲೇ ಕಾಲು ಎದ್ದಿದ್ದವು. ಮೆಟ್ಟಿಲುಗಳ ಮೇಲೆ ದಡದಡ ಸದ್ದು.

"ಎಲ್ಲಿ? ಯಾರಿಗೇನಾಯ್ತು?"

"ನಂಗೇ," ಎಂದಳು ಶೈಲಶ್ರೀ.

ಬೀರಲಿಂಗಪ್ಪನಿಗೆ ತಟ್ಟನೆ ಚಹಾ ನೆನಪಾಯಿತು. ಹೊರಟುಹೋದ.

"ಹೊರಗ ನಿಂದರ್ರಿ ಅಂದಿದ್ದೆ," ಎಂದ ಮಾಳಿಂಗ, ನೆಲ ನೋಡುತ್ತ. "ಬಂದು ನೋಡಿದ್ರ ಬಸ್ಸಿನ ಧೂಳ ಇತ್ತು. ಫೋನ್ ಎತ್ತಲಿಲ್ಲ. ಕಲಿತವರು ಚ್ಯಾಷ್ಟಿ ಮಾಡಿ ಹೋದ್ರು ಅಂದಕೊಂಡೆ."

"ನೀವು ಹೋಗು ಅಂದ್ರಿ ಅಂತ ನಾ ಅಂದಕೊಂಡೆ." ಆಮೇಲೆ ಅವಳಿಗೆ ಹೊಳೆಯಿತು. "ಅಷ್ಟ ಸದ್ದಿನಾಗ ನನ್ನ ಮಾತು ಕೇಳ್ತೇನು ನಿಮಗ?"

"ಗಿರಣಿ ಮನ್ಯಾಗ ಕಿವೀಲೆ ಯಾರ ಕೇಳ್ತಾರ್ರಿ? ತುಟಿ ನೋಡ್ತೇವಿ."

ಅವಳ ಮುಖ ಕೆಂಪಾಯಿತು. ಇಂಥ ಹೊತ್ತಿನಲ್ಲಿ ಓದಿದವರು ಮಾಡುವುದನ್ನೇ ಮಾಡಿದಳು: ಕೆಲಸದ ಹಿಂದೆ ಅಡಗಿಕೊಂಡಳು.

"ನಿಮ್ಮ ಎರಡನೇ ಸುತ್ತ ಬಾಕಿ ಅದ. ಹಲಗಿ ಹತ್ತರಿ."

ಹತ್ತಿದ. ಅವನ ಕಿವಿಗೆ ಹೆಡ್‌ಫೋನ್ ಇಟ್ಟಳು. ಹವಳಗಾದ ಗಿರಣಿ ಪೂರ್ತಿ ಜೋರಿನಲ್ಲಿ ತಿರುಗತೊಡಗಿತು.

"ಕಣ್ಣ ಮುಚ್ಚಬ್ಯಾಡ್ರಿ," ಎಂದು ಅವಳ ತುಟಿ ಹೇಳಿತು. "ಅಳ್ಳಾಡಬ್ಯಾಡ್ರಿ."

ಆಮೇಲೆ ಅವನೆದುರಿಗೆ ಬಂದು ನಿಂತಳು. ದನಿ ತೆಗೆಯದೆ ಹೇಳಿದಳು: "ನಾ ನಿಮ್ಮ ಸಲುವಾಗೇ ಬಂದಿದ್ದೆ. ಈಗ ನೀವು ಹೇಳ್ರಿ."

ಅವನ ಕೈ ಸನ್ನೆಗೆಂದು ಮೇಲೆದ್ದಿತು. ಅಳ್ಳಾಡಬಾರದೆಂದು ನೆನಪಾಗಿ ತೊಡೆಗೆ ಮರಳಿತು. ಉಳಿದದ್ದು ಬಾಯಿ. ಕಿವಿಯೊಳಗಿನ ಗಿರಣಿಯನ್ನು ದಾಟುವಷ್ಟು ಉಸಿರೆಳೆದುಕೊಂಡ.

"ನನಗೂ ನೀವಂದ್ರ ಜೀವ ಅದರೀ ಮ್ಯಾಡಂ. ಲಗ್ನ ಆಗೋಣೇನ್ರಿ?"

ಕಾರಿಡಾರಿನಾಚೆಯ ಟೈಪಿಂಗ್ ಸದ್ದು ನಿಂತಿತು. ಕೆಳಗೆ ಟೆಂಪೋದಿಂದ ಯಾರೋ ಸಿಳ್ಳೆ ಹಾಕಿದರು. ಪಕ್ಕದ ಕೋಣೆಯ ಬಾಗಿಲು ತೆರೆದು, ಶೈಲಶ್ರೀಯ ಗೈಡ್ ಯಶೋಧರಾ ಮೇಡಂ ಕನ್ನಡಕ ಏರಿಸುತ್ತ ಬಂದರು.

"ಇದು ಯಾವ ಪ್ರಯೋಗ, ಶೈಲಶ್ರೀ?"

"ಮೇಡಂ, ಅದು..."

"ಅವರಿಗೆ ಉತ್ತರ ಕೊಟ್ಟುಬಿಡು. ಎಲ್ಲರೂ ಕೆಲಸ ನಿಲ್ಲಿಸಿ ಕೂತಾರ."

ಶೈಲಶ್ರೀ ಮಾಳಿಂಗನ ಕಡೆಗೆ ತಿರುಗಿದಳು. ಕೈಯೆತ್ತಿದಳು. ಹಿಂಗೈಯನ್ನು ಬಾಗಿಲ ಕಡೆಗೆ ಎರಡು ಸಲ ಬೀಸಿದಳು.

ಮಾಳಿಂಗ ಹೆಡ್‌ಫೋನ್ ತೆಗೆದಿಟ್ಟು ಹೊರಗೆ ನಡೆದ.

"ಛೇ," ಎಂದರು ಯಶೋಧರಾ ಮೇಡಂ, ನಿಜವಾಗಿ ನೊಂದುಕೊಂಡು. "ಹಿಂಗ ಹೋಗು ಅನಬಾರದಿತ್ತವ್ವ. ಪಾಪ, ಛಲೋ ಹುಡುಗ."

"ಹೌದ್ರಿ ಮೇಡಂ. ಛಲೋ ಹುಡುಗ," ಎಂದು ಶೈಲಶ್ರೀ ಅವನ ಹಿಂದಿಂದಲೇ ಹೋದಳು.

ಅವನು ಮೆಟ್ಟಿಲ ತಿರುವಿನಲ್ಲಿ, ಗೋಡೆಗೆ ಒರಗಿ ಕಾಯುತ್ತಿದ್ದ. ಅಲ್ಲಿ ಸದ್ದೇ ಇರಲಿಲ್ಲ. ಅವನು ಸ್ವಲ್ಪ ವಾಲಿದಂತಿತ್ತು. ಅವಳೂ.

"ಬಂದ್ರೇನು?" ಎಂದ, ಜನ್ಮದಲ್ಲಿ ಮೊದಲ ಸಲ ಪಿಸುದನಿಯಲ್ಲಿ.

"ಹಿಂದಿಂದ ಬಂದೆ ಅಂದಿದ್ನಲ್ಲ." ಅವಳು ಅವನ ತೋಳು ಹಿಡಿದಳು. "ಸದ್ದಿಲ್ಲ ಇಲ್ಲಿ. ಬಿದ್ದೀರಿ ಮತ್ತ."

"ನೀವು ಹಿಡಿದೀರಲ್ಲ."

"ಹಿಡಿದೇನಿ. ಅಳ್ಳಾಡಬ್ಯಾಡ್ರಿ."